ಮೊದಲನೇ ಅರ್ಥ

ಹುಣಸೂರು ತಾಲ್ಲೂಕಿನ ನಮ್ಮೂರಲ್ಲಿ ಆಗ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೇ ಕ್ಲಾಸಿಗೆ. ಸರ್ಕಾರಿ ಶಾಲೆಯ ಒಂದನೇ ಕ್ಲಾಸಿಗೆ ಅದು ಇಳಿದದ್ದು 2007ರಲ್ಲಿ. ಅಷ್ಟರಲ್ಲಿ ನನ್ನ ಡಿಗ್ರಿ ಮುಗಿದಿತ್ತು. ಕೊರತೆ ತುಂಬಲು ನಾನು ಹೂಡಿದ ಉಪಾಯ ಇನ್ನೂರು ಪುಟದ ನೋಟ್‌ಬುಕ್ಕು. ಪುಟದ ನಡುವೆ ಗೆರೆ, ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ. ದಿನಕ್ಕೆ ಹತ್ತು ಪದ. ಮೈಸೂರು ವಿಶ್ವವಿದ್ಯಾಲಯ 1946ರಲ್ಲಿ ಹೊರತಂದ ದಪ್ಪ ನಿಘಂಟು ಲೈಬ್ರರಿಯಲ್ಲಿತ್ತು. ಅದು ಒಂದು ಪದಕ್ಕೆ ಸಾಲುಗಟ್ಟಲೆ ಅರ್ಥ ಕೊಟ್ಟರೂ ನಾನು ಇಳಿಸಿಕೊಂಡದ್ದು ಮೊದಲನೆಯದನ್ನು ಮಾತ್ರ. ಪುಟ ಉಳಿಯಲಿ ಅಂತ! ಮೈಸೂರಿನ ಬಸ್ಸಿನಲ್ಲಿ ಪುಟದ ಬಲಗಡೆಯನ್ನು ಕೈಯಿಂದ ಮುಚ್ಚಿಕೊಂಡು ಕೂತರೆ ಬಿಳಿಕೆರೆ ಬರುವಷ್ಟರಲ್ಲಿ ಹತ್ತೂ ಬಾಯಿಪಾಠ.

ಅದೇ ಧೈರ್ಯದಲ್ಲಿ ಹೋದದ್ದು ಅನುವಾದದ ಕೆಲಸವೊಂದರ ಸಂದರ್ಶನಕ್ಕೆ. ತಂಬಾಕಿನ ಬಗ್ಗೆ ಒಂದು ಹಾಳೆ ಕೊಟ್ಟು ಕನ್ನಡದಲ್ಲಿ ಹೇಳಿ ಅಂದರು. ಹುಣಸೂರಿನವನಿಗೆ ತಂಬಾಕು! ಒಳಗೇ ನಕ್ಕೆ. ಮೊದಲ ಸಾಲೇ 'ಫ್ಲೂ ಕ್ಯೂರ್ಡ್ ವರ್ಜೀನಿಯಾ'. ಫ್ಲೂ, ಶೀತಜ್ವರ. ಕ್ಯೂರ್, ಗುಣಪಡಿಸು. ಫ್ಲೂಗೆ ಕೊನೆಯಲ್ಲಿ ಒಂದಕ್ಷರ ಹೆಚ್ಚಿತ್ತು; ಅಚ್ಚಿನ ತಪ್ಪು ಅಂದುಕೊಂಡೆ. 'ಶೀತಜ್ವರ ಗುಣವಾದ ವರ್ಜೀನಿಯಾ' ಅಂದೆ. ಮುಂದಿನ 'ಬಾರ್ನ್' ಕಣಜವಾಯಿತು. ಯಾರೂ ನಗಲಿಲ್ಲ. ಒಬ್ಬರು ಮಾತ್ರ "ಯಾವೂರು?" ಅಂತ ಕೇಳಿದರು. ಹುಣಸೂರು ಅನ್ನಲು ಗಂಟಲು ಕಟ್ಟಿತು.

ಸೀದಾ ಲೈಬ್ರರಿಗೆ ಹೋಗಿ ನಿಘಂಟು ತೆಗೆದೆ. ಈ ಸಲ ಕೆಳಗಿನ ಸಾಲುಗಳನ್ನೂ ಓದಿದೆ. ಸಂಜೆ ಊರಿಗೆ ಬಂದರೆ ಅಪ್ಪ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮುಂದೆ ಕೂತು ಒಲೆಗೆ ಸೌದೆ ತುಂಬುತ್ತಿದ್ದ. ಸೊಪ್ಪು ಏರಿಸಿ ಮೂರನೇ ದಿನ. ಒಲೆಯ ಹೊಗೆ ತಗಡಿನ ಕೊಳವೆಯೊಳಗೇ ಸುತ್ತಿ ಆಚೆ ಹೋಗಬೇಕು, ಕಾವು ಮಾತ್ರ ಎಲೆಗೆ ತಾಗಬೇಕು. ಮೊದಲು ಹಸಿರು ಹೋಗಿ ಹಳದಿ, ಆಮೇಲೆ ಎಲೆ ಒಣಗುವುದು, ಕಡೆಗೆ ನಡುದಂಟು. ಆರೇಳು ದಿನ ನಿದ್ದೆಗೆಟ್ಟು ಹದ ಕಾಯಬೇಕು. ಆ ಕೊಳವೆಯೇ ಫ್ಲೂ, ಆ ಹದವೇ ಕ್ಯೂರ್. ಬ್ಯಾರನ್ ಅಂದರೆ ಅದೇ ಬಾರ್ನ್! ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಕಡೆಯ ಹೊಗೆಸೊಪ್ಪಿನ ರೈತರೆಲ್ಲ ಹರಾಜಿನಲ್ಲಿ ಆಡುವ ಗ್ರೇಡು, ಬೇಲುಗಳೂ ನನ್ನ ನೋಟ್‌ಬುಕ್ಕಿನಲ್ಲಿರಲಿಲ್ಲ. ಅಪ್ಪನ ಬಾಯಲ್ಲಿ ಬಂದದ್ದು ಇಂಗ್ಲಿಷ್ ಇದ್ದೀತೆಂದು ನನಗೆ ಹೊಳೆದೇ ಇರಲಿಲ್ಲ. ಮರೆವಲ್ಲ ಅದು, ತಾತ್ಸಾರ.

"ಏನಾಯ್ತ್ಲಾ?" ಅಂದ ಅಪ್ಪ. ಎಲ್ಲ ಹೇಳಿದೆ. ಬಾಗಿಲ ಕಿಂಡಿಯಲ್ಲಿ ಥರ್ಮಾಮೀಟರ್ ನೋಡುತ್ತಲೇ ಕೇಳಿಸಿಕೊಂಡ.

"ಆ ಸೌದೆ ಎತ್ಕೊಡು ಮೊದ್ಲು, ಕಾವು ಇಳೀತದೆ."