ಒಂದೇ ಥಾನಿನ ಅಂಗಿಗಳು

ದೀಪಾವಳಿ ಹತ್ತಿರ ಬಂತೆಂದರೆ ದೊಡ್ಡಪ್ಪ ಚೌಕಿಪೇಟೆಗೆ ಹೋಗಿ ಒಂದು ಥಾನು ಬಟ್ಟೆ ತರುತ್ತಿದ್ದರು. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ದಾವಣಗೆರೆಯಲ್ಲಿ ಬಟ್ಟೆಗೇನು ಬರವಿರಲಿಲ್ಲ. ಎಂಬತ್ತರ ದಶಕದ ಆರಂಭದ ನಮ್ಮ ಕೂಡುಕುಟುಂಬದಲ್ಲಿ ಬರವಿದ್ದದ್ದು ದುಡ್ಡಿಗೆ. ಅದೇ ಥಾನಿನಲ್ಲಿ ಹುಡುಗರಿಗೆಲ್ಲ ಅಂಗಿ, ಹುಡುಗಿಯರಿಗೆಲ್ಲ ಲಂಗ-ಜಂಪರು, ಮಿಕ್ಕ ತುಂಡಿಗೆ ದಿಂಬಿನ ಚೀಲ.

ಥಾನು ಬಿಚ್ಚಿದ ಸಂಜೆ ಗೊಣಗಾಟ ಇದ್ದೇ ಇರುತ್ತಿತ್ತು. ಚೌಕಳಿ ದೊಡ್ಡದಾಯಿತು ಎಂದು ಒಬ್ಬ, ಬಣ್ಣ ಮಂಕು ಎಂದು ಇನ್ನೊಬ್ಬಳು. ಅಷ್ಟರಲ್ಲಿ ಟೈಲರ್ ಮಾಮ ಬಂದು ಪಡಸಾಲೆಯಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಅಳತೆ ತೆಗೆಯುತ್ತಿದ್ದ. “ಬೆಳೆಯೋ ಮಕ್ಕಳಪ್ಪ, ಸ್ವಲ್ಪ ಸಡಿಲ ಇರ್ಲಿ” ಎಂದು ಅಜ್ಜಿ ಪ್ರತಿಯೊಬ್ಬರಿಗೂ ಹೇಳುತ್ತಿದ್ದಳು. ಬಟ್ಟೆಗೆ ಕತ್ತರಿ ಬಿದ್ದಿತೋ, ಗೊಣಗಾಟ ಮುಗಿಯಿತು. ಆಮೇಲೆ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಯಾವತ್ತು ಕೊಡ್ತಾನಂತೆ? ಎಣ್ಣೆಸ್ನಾನ ಮುಗಿಸಿ, ಗಂಜಿಯ ವಾಸನೆ ಇನ್ನೂ ಹೋಗದ ಅಂಗಿ ತೊಟ್ಟು ನಾವೆಲ್ಲ ಬೀದಿಗಿಳಿದರೆ, ಮಂಕು ಅನ್ನಿಸಿಕೊಂಡ ಆ ಬಣ್ಣಕ್ಕೆ ಎಲ್ಲಿಂದಲೋ ಕಳೆ ಬಂದುಬಿಡುತ್ತಿತ್ತು. ದೂರದಿಂದ ನೋಡಿದವರೂ ಯಾವ ಮನೆಯ ಮಕ್ಕಳೆಂದು ಹೇಳುತ್ತಿದ್ದರು. ಅದು ನಮಗೆ ಹೆಮ್ಮೆ.

ಆಯ್ಕೆ ಹೆಚ್ಚಾದಷ್ಟೂ ತೃಪ್ತಿ ಕಡಿಮೆ ಎಂಬುದಕ್ಕೆ ಎಲ್ಲರೂ ಕೊಡುವ ಉದಾಹರಣೆ ಅಮೆರಿಕದ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ ಜಾಮ್ ಪ್ರಯೋಗ. 24 ಬಗೆಯ ಜಾಮ್ ಇಟ್ಟಾಗ ರುಚಿ ನೋಡಲು ನಿಂತವರಲ್ಲಿ ಕೊಂಡವರು ನೂರಕ್ಕೆ 3 ಜನ. 6 ಬಗೆ ಇಟ್ಟಾಗ 30. ಆದರೆ ಇಂಥ 50 ಪ್ರಯೋಗಗಳನ್ನು 2010ರಲ್ಲಿ ಒಟ್ಟಿಗೆ ಅಳೆದು ನೋಡಿದವರಿಗೆ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ ಸಿಕ್ಕಿತು. ಹಾಗಾಗಿ ಬರೀ ಆಯ್ಕೆಗಳ ಸಂಖ್ಯೆಯನ್ನು ದೂರಲಾರೆ. ನನ್ನ ಮನಸ್ಸಿಗೆ ಹತ್ತಿರವಾದದ್ದು ಡೇನಿಯಲ್ ಗಿಲ್ಬರ್ಟ್ ಮತ್ತು ಜೇನ್ ಎಬರ್ಟ್ 2002ರಲ್ಲಿ ಬರೆದದ್ದು. ವಿದ್ಯಾರ್ಥಿಗಳು ತಾವೇ ತೆಗೆದ ಎರಡು ಫೋಟೊಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಬೇಕಿತ್ತು. ಬೇಕಾದರೆ ಆಮೇಲೆ ಬದಲಿಸಬಹುದು ಎಂದು ಕೆಲವರಿಗೆ ಹೇಳಿದ್ದರು, ಉಳಿದವರಿಗೆ ಆ ಅವಕಾಶ ಇರಲಿಲ್ಲ. ತಮ್ಮ ಫೋಟೊವನ್ನು ಹೆಚ್ಚು ಮೆಚ್ಚಿಕೊಂಡವರು ಅವಕಾಶವಿಲ್ಲದವರೇ. ಅದನ್ನು ಓದಿದಾಗ ಟೈಲರ್ ಮಾಮನ ಕತ್ತರಿಯ ಸದ್ದು ಕಿವಿಯಲ್ಲಿ ಕೇಳಿದಂತಾಯಿತು. ಹಿಂದಕ್ಕೆ ಕೊಡುವ ದಾರಿ ಮುಚ್ಚಿದ ಮೇಲೆಯೇ ನಾವು ಆ ಬಟ್ಟೆಯನ್ನು ಪ್ರೀತಿಸತೊಡಗುತ್ತಿದ್ದೆವು.

ಬೆಂಗಳೂರಿನಲ್ಲಿರುವ ತಮ್ಮನ ಮಗಳು ಹಬ್ಬಕ್ಕೆಂದು ಮೊಬೈಲಿನಲ್ಲಿ ಮೂರು ಕುರ್ತಾ ತರಿಸುತ್ತಾಳೆ, ಎರಡನ್ನು ವಾಪಸು ಕಳಿಸುತ್ತಾಳೆ. ಇಟ್ಟುಕೊಂಡದ್ದರ ಚೀಟಿಯನ್ನು ಕೊನೆಯ ದಿನದವರೆಗೂ ಕೀಳುವುದಿಲ್ಲ. “ದೊಡ್ಡಪ್ಪ, ಆ ನೀಲೀನೇ ಚೆನ್ನಾಗಿತ್ತೇನೋ” ಎಂದು ಹಬ್ಬದ ದಿನವೂ ಕೇಳುತ್ತಾಳೆ. ಅವಳಿಗೆ ಕೊಬ್ಬು ಎನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ನಮ್ಮ ಅಂಗಿ ಚೆನ್ನಾಗಿಲ್ಲದಿದ್ದರೆ ಅದು ದೊಡ್ಡಪ್ಪ ತಂದ ಬಟ್ಟೆ. ಅವಳ ಕುರ್ತಾ ಚೆನ್ನಾಗಿಲ್ಲದಿದ್ದರೆ ತಪ್ಪೆಲ್ಲ ಅವಳ ತಲೆಯ ಮೇಲೆ. ಆ ಭಾರವನ್ನು ನಾವು ಆ ವಯಸ್ಸಿನಲ್ಲಿ ಹೊತ್ತೇ ಇರಲಿಲ್ಲ.

ಹಾಗೆಂದು ಆ ಕಾಲವನ್ನು ಹೊಗಳಿ ಮುಗಿಸಲು ಅಕ್ಕ ಬಿಡುವುದಿಲ್ಲ. ಅವಳಿಗೆ ಗಿಳಿಹಸಿರು ಎಂದರೆ ಪ್ರಾಣ. ವರ್ಷ ವರ್ಷವೂ ಕೇಳಿದಳು, ಒಂದು ವರ್ಷವೂ ಆ ಬಣ್ಣದ ಥಾನು ಮನೆಗೆ ಬರಲಿಲ್ಲ. ಎಲ್ಲರಿಗೂ ಒಪ್ಪುವ ಬಣ್ಣದಲ್ಲಿ ಅವಳ ಬಣ್ಣಕ್ಕೆ ಜಾಗವೇ ಇರಲಿಲ್ಲ. ಶಾಲೆಯಲ್ಲಿ ಕೆಲಸ ಸಿಕ್ಕಿ ಮೊದಲ ಸಂಬಳ ಬಂದ ದಿನ ಒಬ್ಬಳೇ ಪೇಟೆಗೆ ಹೋಗಿ ಗಿಳಿಹಸಿರು ಸೀರೆ ತಂದಳು. ಅಂಗಡಿಯವ ಇನ್ನಷ್ಟು ತೆಗೆದು ಹರವಲು ಹೋದನಂತೆ. “ಸಾಕಪ್ಪ, ಇದೇ ಇರ್ಲಿ” ಅಂದಳಂತೆ.