ಬೇಸ್ ಗಿಟಾರಿಗೆ ನಾದ ಬಂದ ಬಗೆ

ಮೂರು ವರುಷಗಳ ಹಿಂದೆ ಬೆಂಗಳೂರಿನಲ್ಲಿರುವ ನಮ್ಮ ಹಳೇ ವಿದ್ಯಾರ್ಥಿನಿಯೊಬ್ಬಳು, ತನ್ನ ಮಗನು ಬಳಸಿ ಬಿಟ್ಟ ವಿದ್ಯುತ್ ಬೇಸ್ ಗಿಟಾರನ್ನೂ ಅದರ ಧ್ವನಿಪೆಟ್ಟಿಗೆಯನ್ನೂ ಶಾಲೆಯ ಗಾನವೃಂದಕ್ಕೆ ದಾನವಾಗಿ ಕಳುಹಿಸಿದಳು. ತರಬೇತಿಯ ಕಾಲದಲ್ಲಿ ಹಾರ್ಮೋನಿಯಮ್ ಮಾತ್ರ ಕಲಿತ ನಾವು, ಆ ನಾಲ್ಕು ದಪ್ಪ ತಂತಿಗಳಿಂದ ಗೋಣಿಚೀಲ ಬಡಿದಂಥ ಮಂಕು ಸದ್ದನ್ನಲ್ಲದೆ ಬೇರೇನನ್ನೂ ಹೊರಡಿಸಲಾರದೆ ಹೋದೆವು. ನಮ್ಮ ವೃಂದದಲ್ಲಿ ತಬಲಾ ಬಾರಿಸುವವರಿಲ್ಲ. ಆದಕಾರಣ ತಾಳದ ಪೆಟ್ಟನ್ನೂ ಈ ತಂತಿಯಿಂದಲೇ ಪಡೆಯಬೇಕಾಗಿತ್ತು.

ತಂತಿಯ ಸುತ್ತುಗಳೊಳಗೆ ಬೆವರೂ ಕೊಳೆಯೂ ಸೇರಿದರೆ ನಾದದ ಹೊಳಪು ಅಡಗುವದೆಂದು ಓದಿ ತಿಳಿದೆವು. ಅವುಗಳನ್ನು ಬಿಚ್ಚಿ, ಬೋರ್ಡಿಂಗಿನ ಅಡಿಗೆಮನೆಯಲ್ಲಿ ಸಾರಿನ ಪಾತ್ರೆಗೆ ಹಾಕಿ ಕುದಿಸಿ, ಒರಸಿ ಒಣಗಿಸಿದೆವು. ಅಡಿಗೆಯವಳು ಇಂದಿಗೂ ನಮ್ಮನ್ನು ಕ್ಷಮಿಸಿಲ್ಲ. ಕುದುರೆಯ ಸಮೀಪದಲ್ಲಿ ಮೀಟಿದರೆ ನಾದವು ಹರಿತವಾಗುವದೆಂಬದನ್ನೂ ಕಂಡುಕೊಂಡೆವು. ಆದರೂ ಪೆಟ್ಟು ಬರಲಿಲ್ಲ.

ಅದರ ಯುಕ್ತಿಯು ಪುಸ್ತಕದಲ್ಲಿತ್ತು. 1960ರ ದಶಕದಲ್ಲಿ ಅಮೇರಿಕದ ಸ್ಯಾನ್ ಫ್ರಾನ್ಸಿಸ್ಕೋ ಕಡೆಯಲ್ಲಿ ತಾಯಿಯೊಡನೆ ಬಾರಿಸುತ್ತಿದ್ದ ಲ್ಯಾರಿ ಗ್ರಹಾಂ ಎಂಬವರು, ಜೊತೆಗೆ ಡ್ರಮ್ ಇಲ್ಲದ್ದರಿಂದ ಹೆಬ್ಬೆರಳಿನಿಂದ ತಂತಿಯನ್ನು ಹೊಡೆದು, ಬೆರಳಿನಿಂದ ಎಳೆದು ಬಿಟ್ಟು, ಡ್ರಮ್ಮಿನ ಕೆಲಸವನ್ನೂ ತಾವೇ ಮಾಡಿದರು. ಹೊಡೆದ ತಂತಿಯು ಲೋಹದ ಮೆಟ್ಟಿಲಿಗೆ ತಾಗಿ ಠಣ್ಣೆನ್ನುವದು. ಓದಿದೆವು, ಆದರೆ ಕೈಗೆ ಬರಲಿಲ್ಲ.

ಒಂದು ಸಂಜೆ ಗಾನದ ಕೋಣೆಯಿಂದ ಆ ಠಣತ್ಕಾರವೇ ಕೇಳಿಸಿತು. ಒಳಗೆ ಪಾಮನಕಲ್ಲೂರಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಗಿಟಾರನ್ನು ಕಂಕುಳಲ್ಲಿ ಅವಚಿಕೊಂಡು ಬಾರಿಸುತ್ತಿದ್ದಳು. ಸಂತೋಷಪಡಬೇಕಾದ ನಾವು, ಅವಳು ಹಿಡಿದ ರೀತಿಯನ್ನು ನೋಡಿ, "ಇದು ಜಾತ್ರೆಯ ಚೌಡಿಕೆಯಲ್ಲಮ್ಮಾ" ಅಂದೆವು. ಜೊತೆಯ ಹುಡುಗಿಯರು ನಕ್ಕರು. ಅವಳು ವಾದ್ಯವನ್ನು ಕೆಳಗಿಟ್ಟು ಹೋದವಳು ಎರಡು ತಿಂಗಳು ಆ ಕೋಣೆಗೆ ಕಾಲಿಡಲಿಲ್ಲ.

ಅವಳ ಅಜ್ಜಿಯು ಚೌಡಿಕೆಯವಳೆಂದೂ, 1982ರ ಕಾನೂನಿಗೆ ಬಹಳ ಮುಂಚೆಯೇ, ಬಾಲ್ಯದಲ್ಲಿ ಎಲ್ಲಮ್ಮನ ಹೆಸರಿನಲ್ಲಿ ಬಿಡಲ್ಪಟ್ಟವಳೆಂದೂ ಮೇಟ್ರನ್ನರಿಂದ ಆಮೇಲೆ ತಿಳಿಯಿತು. ಹುಡುಗಿಯು ಇದನ್ನು ಬೋರ್ಡಿಂಗಿನಲ್ಲಿ ಯಾರಿಗೂ ಹೇಳಿರಲಿಲ್ಲ. ನಾವು ತಿಳಿಯದೆ ಆಡಿದ ಮಾತು ಸರಿಯಾಗಿ ಅಲ್ಲಿಯೇ ತಾಗಿತ್ತು. (ಅವರಿಬ್ಬರ ಅನುಮತಿ ಪಡೆದೇ ಇದನ್ನು ಬರೆಯುತ್ತೇವೆ.)

ದಸರಾ ರಜೆಯಲ್ಲಿ ಗಿಟಾರನ್ನು ಹೊತ್ತು ಮಸ್ಕಿಯ ಬಸ್ಸು ಹಿಡಿದು ಪಾಮನಕಲ್ಲೂರಿಗೆ ಹೋದೆವು. ಅಜ್ಜಿಯ ಎದುರಿನಲ್ಲಿಯೇ ಹುಡುಗಿಯ ಕ್ಷಮೆ ಬೇಡಿದೆವು. ಹುಡುಗಿ ತಲೆ ತಗ್ಗಿಸಿದಳು. ಅಜ್ಜಿಯು ಏನೂ ಹೇಳದೆ ಚಹಾ ಕಾಸಲು ಎದ್ದಳು. ಬಳಿಕ ಗೂಟದಿಂದ ಚೌಡಿಕೆಯನ್ನು ಇಳಿಸಿದಳು. ಟೊಳ್ಳು ಮರದ ಕೊಳಗ. ತಳಕ್ಕೆ ಬಿಗಿದ ಚರ್ಮ. ಚರ್ಮದ ನಡುವಿನಿಂದ ಹೊರಟು, ಪಕ್ಕದ ಕೋಲಿನ ಬಿರಡೆಗೆ ಸುತ್ತಿದ ಒಂದೇ ತಂತಿ. ಕಡ್ಡಿಯಿಂದ ಮೀಟಿದರೆ ಸ್ವರವೂ ತಾಳವೂ ಒಂದೇ ಪೆಟ್ಟಿನಲ್ಲಿ ಹುಟ್ಟುವವು. ನಾವು ಒಂದು ವರುಷ ಅರಸಿದ್ದು ಅದನ್ನೇ.

ನಮ್ಮ ಗಿಟಾರನ್ನು ಅವಳು ತಿರುಗಿಸಿ ತಿರುಗಿಸಿ ನೋಡಿ, "ಇದಕ್ಕ ಚರ್ಮ ಎಲ್ಲೈತ್ರೀ, ಅಕ್ಕೋರೆ?" ಎಂದು ಕೇಳಿದಳು. ಇಲ್ಲವೆಂದೆವು. ನಮ್ಮ ಹೆಬ್ಬೆರಳಿನ ಪೆಟ್ಟನ್ನು ಕೇಳಿ ನಕ್ಕು, "ಬೊಟ್ಟು ತಂತಿ ಮ್ಯಾಲೆ ಕುಂದ್ರಬಾರದ್ರಿ. ಕಾದ ಹಂಚು ಮುಟ್ಟಿದಂಗ ಮುಟ್ಟಿ ತೆಗೀಬೇಕು" ಅಂದಳು. ಹೊಡೆದ ಬೆರಳು ತಂತಿಯ ಮೇಲೆಯೇ ನಿಂತು ನಾದವನ್ನು ನುಂಗುತ್ತಿತ್ತು. ನಮ್ಮ ತಪ್ಪು ಇಷ್ಟೇ. ಹುಡುಗಿ ಗಿಟಾರನ್ನು ತೆಗೆದುಕೊಂಡು, ಹೊಡೆದು, ಬೆರಳನ್ನು ಥಟ್ಟನೆ ಎತ್ತಿದಳು.

ಆ ವರುಷದ ವಾರ್ಷಿಕೋತ್ಸವದಲ್ಲಿ ಅವಳೇ ಬಾರಿಸಿದಳು, ಕಂಕುಳಲ್ಲಿ ಅವಚಿಕೊಂಡೇ. ಅಜ್ಜಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದೆವು. ಆಕೆಯು ಬಾಗಿಲ ಬಳಿಯಲ್ಲಿಯೇ ಕುಳಿತಳು. ಮೊಣಕಾಲಿನ ಮೇಲೆ ಬೆರಳು ಮಾತ್ರ ಆಡುತ್ತಿತ್ತು.

ಕುದಿಸಿದ ತಂತಿಗಳ ಹೊಳಪು ಬಹುಕಾಲ ನಿಲ್ಲುವದಿಲ್ಲ. ಅವು ಮತ್ತೆ ಮಂಕಾಗಿವೆ, ಅಡಿಗೆಯವಳು ಪಾತ್ರೆ ಕೊಡಲೊಲ್ಲಳು. ಹಳೇ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಹೊಸ ತಂತಿಗಳ ಒಂದು ಕಟ್ಟನ್ನು ಕಳುಹಿಸಿದರೆ ಉಪಕಾರವಾಗುವದು. ದುಂಡು ಸುತ್ತಿನವು ಬೇಕು; ಚಪ್ಪಟೆ ಸುತ್ತಿನವು ಮೃದುವಾಗಿ ನುಡಿಯುವವು, ಅವು ನಮಗೆ ಬೇಡ.