ಮೂವತ್ತು ಗೇಣು ಹಗ್ಗ

ಬಳ್ಳಾರಿಯಲ್ಲಿ ಸಿರುಗುಪ್ಪದ ಬಸ್ಸು ಹತ್ತಿದಾಗ ಕಿಟಕಿಯ ಸೀಟು ಸಿಗಲಿಲ್ಲ. ಹಾಗಾಗಿ ದಾರಿಯುದ್ದಕ್ಕೂ ಮೊಬೈಲಿನಲ್ಲಿದ್ದ ಮಣ್ಣಿನ ಬಿಲ್ಲೆಯನ್ನೇ ನೋಡುತ್ತ ಕೂತೆ. 1894ರಲ್ಲಿ ಇರಾಕಿನ ಸಿಪ್ಪರ್‌ನಲ್ಲಿ ಸಿಕ್ಕಿದ ಅದು ಈಗ ಇಸ್ತಾಂಬುಲ್‌ನಲ್ಲಿದೆ. ಸುಮಾರು 3,700 ವರ್ಷದ ಹಿಂದೆ ಬ್ಯಾಬಿಲೋನಿಯದಲ್ಲಿ ಭಾಗವಾಗಿ ಮಾರಾಟವಾದ ಒಂದು ಹೊಲದ ನಕಾಶೆ. ಜವುಗು ಇಲ್ಲಿ, ಕಣ ಇಲ್ಲಿ, ಗೋಪುರ ಅಲ್ಲಿ ಎಂದು ಹಸಿಮಣ್ಣಿನ ಮೇಲೆ ಗೆರೆ ಕೊರೆದಿದ್ದಾರೆ. ಬ್ಯಾಬಿಲೋನಿಯದವರ ನಕಾಶೆ ಎಂದರೆ ಎಲ್ಲರೂ ಲಂಡನ್ನಿನಲ್ಲಿರುವ, ಕಹಿನೀರು ಸುತ್ತುವರಿದ ಭೂಮಂಡಲದ ಬಿಲ್ಲೆಯನ್ನೇ ತೋರಿಸುತ್ತಾರೆ. ನನಗೆ ಈ ಹೊಲವೇ ಹೆಚ್ಚು. ಕಣ ಎಲ್ಲಿದೆ ಎಂದು ಬರೆದವನಿಗೆ ಸುಗ್ಗಿ ಗೊತ್ತಿರಲೇಬೇಕು.

ತೆಕ್ಕಲಕೋಟೆಯಲ್ಲಿ ಇಳಿದು ಆಟೋ ಹಿಡಿದೆ. ಎರೆಮಣ್ಣಿನ ನಡುವೆ ಭತ್ತದ ಹಸಿರು. ತುಂಗಭದ್ರೆಯ ನೀರು ತರುವ ವಿಜಯನಗರ ಕಾಲದ ಕಾಲುವೆಗಳು ಈ ತಾಲ್ಲೂಕಿನಲ್ಲಿ ಇನ್ನೂ ಬದುಕಿವೆ.

ನಿಟ್ಟೂರಿನ ಬಂಡೆಯ ಮುಂದೆ ನಿಂತರೆ ಮೊದಲು ಏನೂ ಕಾಣುವುದಿಲ್ಲ. ಬಿಸಿಲು ಓರೆಯಾದ ಮೇಲೆ ಬ್ರಾಹ್ಮಿ ಅಕ್ಷರಗಳು ಒಂದೊಂದಾಗಿ ಮೇಲೆದ್ದವು. ಸಾಮ್ರಾಟನ ಹೆಸರು 'ಅಶೋಕ' ಎಂದೇ ಬರುವ ಕೆಲವೇ ಶಾಸನಗಳಲ್ಲಿ ಇದೂ ಒಂದು. ಹತ್ತಿರದ ಉದೇಗೋಳದಲ್ಲಿ ಇನ್ನೊಂದು. ಆದರೆ ನಾನು ಹುಡುಕಿ ಬಂದದ್ದು ರಾಜನನ್ನಲ್ಲ. ಈ ಸಾಲಿನ ಶಾಸನಗಳಲ್ಲಿ ರಾಜಾಜ್ಞೆಯನ್ನು ನಾಡಿಗೆ ಮುಟ್ಟಿಸಬೇಕಾದವನು 'ರಾಜುಕ'. ರಜ್ಜು ಎಂದರೆ ಹಗ್ಗ. ಹೊಲ ಅಳೆಯುವ ಹಗ್ಗ ಹಿಡಿದವನೇ ರಾಜುಕ ಎಂದು ವಿದ್ವಾಂಸರು ಅರ್ಥ ಹೇಳುತ್ತಾರೆ. ಬ್ಯಾಬಿಲೋನಿಯದ ದೊರೆ ಹಮ್ಮುರಾಬಿಯ ಶಾಸನದ ಕಲ್ಲಿನಲ್ಲೂ ಸೂರ್ಯದೇವ ಶಮಾಶ್ ಕೈಯಲ್ಲಿ ಒಂದು ಕೋಲು, ಒಂದು ಬಳೆ. ಆ ಬಳೆ ಸುರುಳಿ ಸುತ್ತಿದ ಅಳತೆಯ ಹಗ್ಗ ಎಂದು ಹಲವರ ಊಹೆ. ದೇವರ ಕೈಗೇ ಹಗ್ಗ ಕೊಟ್ಟವರು ಬದುವಿನ ಜಗಳ ಎಷ್ಟು ಕಂಡಿರಬೇಕು!

ಹೊಳೆಯ ಕಡೆ ಇಳಿದಾಗ ಎಮ್ಮೆ ಹಿಡಿದುಕೊಂಡು ಒಬ್ಬ ತಾತ ಸಿಕ್ಕರು.

"ಏನ್ ಸರ, ಸರ್ವೇದವರೇನು?"

ಅಲ್ಲ ತಾತ, ಎಂದು ಮೊಬೈಲು ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದರು. "ಇದು ಹೊಲನಾ? ಪಹಣಿ ಯಾರ ಹೆಸರಿಗೈತಿ?"

ಸರಪಳಿಯ ಮಾತು ಬಂತು. 1800ರಿಂದ 1807ರವರೆಗೆ ಈ ಸೀಮೆಯ ಕಲೆಕ್ಟರಾಗಿದ್ದ ಥಾಮಸ್ ಮನ್ರೋ 33 ಅಡಿಯ ಸರಪಳಿ ಎಳೆಸಿ ಹೊಲ ಅಳೆಸಿದ. ಉದ್ದಕ್ಕೊಂದು ಸರಪಳಿ, ಅಗಲಕ್ಕೊಂದು ಸರಪಳಿ ಎಂದರೆ ಇವತ್ತಿನ ನಮ್ಮ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. ಬಿಲ್ಲೆಯ ಲೆಕ್ಕ ಬೇರೆ: ಐದು, ಹನ್ನೆರಡು, ಹದಿಮೂರರ ಅಳತೆಯಲ್ಲಿ ತ್ರಿಕೋನ ಎಳೆದರೆ ಒಂದು ಮೂಲೆ ತಾನಾಗಿ ನೇರ ನಿಲ್ಲುತ್ತದೆ. ತಾತನಿಗೆ ನಂಬಿಕೆ ಬರಲಿಲ್ಲ. ಎಮ್ಮೆಯ ಹಗ್ಗವನ್ನೇ ಬಿಚ್ಚಿ ಕೊಟ್ಟರು. ಗೇಣು ಹಾಕಿ ಮೂವತ್ತು ಎಣಿಸಿದೆ, ಐದಕ್ಕೊಂದು, ಹದಿನೇಳಕ್ಕೊಂದು ಗಂಟು ಹಾಕಿದೆ, ಮೂರು ಗೂಟ ನೆಟ್ಟು ಬಿಗಿದೆ. ತಾತ ಬದುವಿನ ಮೂಲೆಗೆ ಕೂತು ಒಂದು ಕಣ್ಣು ಮುಚ್ಚಿ ನೋಡಿದರು.

"ನಿಮ್ ಮೂಲಿ ನೆಟ್ಟಗೈತಿ. ನಮ್ ಬದುನ ಸೊಟ್ಟ." ಸ್ವಲ್ಪ ಹೊತ್ತು ಹೊಳೆಯ ಕಡೆ ನೋಡಿದರು. "ಹೊಳಿ ತಿಂದಿದ್ದನ್ನ ಯಾ ಹಗ್ಗದಾಗ ಅಳೀತೀರಿ?"

ಅಷ್ಟರಲ್ಲಿ ಎಮ್ಮೆ ಪಕ್ಕದವರ ಗದ್ದೆಗೆ ಬಾಯಿ ಹಾಕಿತ್ತು. ತಾತ ಗೂಟ ಕಿತ್ತು, ಗಂಟು ಬಿಚ್ಚದೆಯೇ ಹಗ್ಗ ಹಿಡಿದು ಓಡಿದರು.